ದಿನನಿತ್ಯದ ಆಯ್ಕೆಗಳಲ್ಲಿ ನಿಮ್ಮ ಸ್ವಭಾವ

ಓದುಗರ ಪ್ರಶ್ನೆ, ನಮ್ಮ ಉತ್ತರ

ಈ ಸಲ ಬಂದ ಪತ್ರಗಳಲ್ಲಿ ಹೆಚ್ಚಿನವು ಒಂದೇ ವಿಷಯ ಕೇಳಿವೆ. ಇಷ್ಟದ ಬಣ್ಣ, ಬೆಳಿಗ್ಗೆ ಏಳುವ ಹೊತ್ತು, ಬಿಡುವು ಕಳೆಯುವ ರೀತಿ, ಇವನ್ನು ನೋಡಿ ನಾವು ಎಂಥವರು ಎಂದು ತಿಳಿಯಬಹುದೇ? ತಿಳಿಯಬಹುದು. ಆದರೆ ಯಾವುದೇ ಒಂದು ಇಷ್ಟ ಒಂಟಿಯಾಗಿ ನಿಂತು ಏನನ್ನೂ ಹೇಳುವುದಿಲ್ಲ. ಒಂದೇ ಬಗೆಯ ಆಯ್ಕೆ ಹಲವು ದಿನ, ಹಲವು ಸಂದರ್ಭಗಳಲ್ಲಿ ಮರುಕಳಿಸಿದಾಗ ಮಾತ್ರ ಅದಕ್ಕೆ ಬೆಲೆ.

ಪ್ರಶ್ನೆ: ‘ಬಣ್ಣ ಆರಿಸಿ, ವ್ಯಕ್ತಿತ್ವ ತಿಳಿಯಿರಿ’ ಎಂಬಂಥ ಕ್ವಿಜ್‌ಗಳು ಮೊಬೈಲಿನಲ್ಲಿ ಬಂದಾಗಲೆಲ್ಲ ಮಾಡುತ್ತೇನೆ. ಒಂದರಲ್ಲಿ ನಾಯಕಿ, ಇನ್ನೊಂದರಲ್ಲಿ ಕನಸುಗಾರ್ತಿ, ಮತ್ತೊಂದರಲ್ಲಿ ಶಾಂತ ಸ್ವಭಾವದವಳು ಎಂದು ಬಂತು. ಮೂರೂ ನನಗೆ ಒಪ್ಪುತ್ತವೆ ಅನ್ನಿಸುತ್ತದೆ. ಯಾವುದನ್ನು ನಂಬಲಿ?
– ಪದವಿ ವಿದ್ಯಾರ್ಥಿನಿ

ಮೂರೂ ಒಪ್ಪುತ್ತವೆ ಅನ್ನಿಸುವುದರಿಂದಲೇ ಮೂರನ್ನೂ ನಂಬಬೇಡಿ. 1948ರಲ್ಲಿ ಮನಶ್ಶಾಸ್ತ್ರಜ್ಞ ಬರ್ಟ್ರಮ್ ಫೋರರ್ ತನ್ನ 39 ವಿದ್ಯಾರ್ಥಿಗಳಿಗೆ ವ್ಯಕ್ತಿತ್ವ ಪರೀಕ್ಷೆ ಕೊಟ್ಟು, ಒಬ್ಬೊಬ್ಬರಿಗೂ ‘ನಿಮ್ಮದೇ’ ಎಂದು ಒಂದು ವರ್ಣನೆ ಹಂಚಿದರು. ಅದು ಎಷ್ಟು ಸರಿ ಎಂದು ಸೊನ್ನೆಯಿಂದ ಐದರವರೆಗೆ ಅಂಕ ಕೊಡಲು ಹೇಳಿದಾಗ ಬಂದ ಸರಾಸರಿ 4.26. ಆಮೇಲೆ ತಿಳಿದದ್ದು, ಎಲ್ಲರ ಕೈಯಲ್ಲಿದ್ದದ್ದೂ ಒಂದೇ ವರ್ಣನೆ. ಅದರ ಬಹುಪಾಲು ಸಾಲುಗಳನ್ನು ಅಂಗಡಿಯಲ್ಲಿ ಸಿಗುವ ಜ್ಯೋತಿಷ್ಯದ ಪುಸ್ತಕವೊಂದರಿಂದ ಆರಿಸಲಾಗಿತ್ತು.

ನಿಮ್ಮ ಫಲಿತಾಂಶದ ಮೇಲೆ ಎರಡು ಪರೀಕ್ಷೆ ಮಾಡಿ. ಮೊದಲಿಗೆ ಒಂದೊಂದು ವಾಕ್ಯವನ್ನೂ ತಿರುವಿ ನೋಡಿ. ‘ನೀವು ಕೆಲವೊಮ್ಮೆ ಒಂಟಿಯಾಗಿರಲು ಬಯಸುತ್ತೀರಿ’ ಎಂದಿದ್ದರೆ, ‘ನಾನು ಎಂದೂ ಒಂಟಿಯಾಗಿರಲು ಬಯಸುವುದಿಲ್ಲ’ ಎನ್ನುವವರು ಯಾರಾದರೂ ಇದ್ದಾರೆಯೇ? ಇಲ್ಲವಾದರೆ ಆ ವಾಕ್ಯ ಹೊಡೆದುಹಾಕಿ. ‘ಕೆಲವೊಮ್ಮೆ’, ‘ಒಳಗೊಳಗೇ’, ‘ಸಮಯ ಬಂದರೆ’ ಎಂಬ ಪದಗಳಿರುವ ಸಾಲುಗಳೆಲ್ಲ ಹೀಗೆ ಹೋಗುತ್ತವೆ. ಕೊನೆಗೆ ಎರಡು ಸಾಲು ಉಳಿದರೆ ಹೆಚ್ಚು. ಎರಡನೆಯದಾಗಿ, ಬೇರೆ ಬೇರೆ ಉತ್ತರ ಒತ್ತಿ ಅದೇ ಕ್ವಿಜ್‌ನ ಎಲ್ಲ ಫಲಿತಾಂಶಗಳನ್ನೂ ಪಡೆದು, ತಲೆಬರಹ ತೆಗೆದು, ನಿಮ್ಮನ್ನು ಬಲ್ಲ ನಾಲ್ಕೈದು ಜನರಿಗೆ ಬೇರೆ ಬೇರೆಯಾಗಿ ತೋರಿಸಿ, ‘ಇದರಲ್ಲಿ ನಾನು ಯಾವುದು?’ ಎಂದು ಕೇಳಿ. ನಾಲ್ಕು ವರ್ಣನೆಗಳಿದ್ದರೆ ಕಣ್ಣು ಮುಚ್ಚಿ ಆರಿಸಿದರೂ ನಾಲ್ಕರಲ್ಲಿ ಒಂದು ಸಲ ಸರಿಯಾಗಬಹುದು. ಹಾಗಾಗಿ ಒಬ್ಬರು ಸರಿ ಹೇಳಿದ್ದನ್ನೇ ಪುರಾವೆ ಅಂದುಕೊಳ್ಳಬೇಡಿ.

ಬಣ್ಣದ ಮಾತು ಹೇಳುವುದಾದರೆ, ಮ್ಯಾಕ್ಸ್ ಲೂಷರ್ 1947ರಲ್ಲಿ ತಂದ ಬಣ್ಣದ ಪರೀಕ್ಷೆ ಬಹಳ ಹೆಸರು ಮಾಡಿತು. ಆದರೆ ಬಣ್ಣದ ಆಯ್ಕೆಯಿಂದ ಸ್ವಭಾವ ಓದಬಹುದೆಂಬ ಅದರ ವಾದ ನಿಯಂತ್ರಿತ ಅಧ್ಯಯನಗಳಲ್ಲಿ ಗಟ್ಟಿಯಾಗಿ ನಿಲ್ಲಲಿಲ್ಲ. ಒಂದು ಬಣ್ಣ ಇಷ್ಟವಾಗಲು ಬಟ್ಟೆ, ನೆನಪು, ಫ್ಯಾಷನ್ ಹೀಗೆ ಹತ್ತು ಕಾರಣಗಳಿರುತ್ತವೆ. ಸ್ವಭಾವ ಅವುಗಳಲ್ಲಿ ಒಂದಾಗಿದ್ದರೂ ಅದನ್ನು ಬೇರ್ಪಡಿಸಿ ತೋರಿಸಲು ಆಗುವುದಿಲ್ಲ.

ಪ್ರಶ್ನೆ: ಹಾಗಾದರೆ ದಿನನಿತ್ಯದ ಯಾವ ಸಂಗತಿಗಳನ್ನು ಗಮನಿಸಬೇಕು? ಯಾವ ಪರೀಕ್ಷೆಗೂ ದುಡ್ಡು ಕೊಡದೆ ನಾನೇ ನನ್ನ ಸ್ವಭಾವ ಅಳೆದುಕೊಳ್ಳುವ ದಾರಿ ಇದ್ದರೆ ಹಂತ ಹಂತವಾಗಿ ತಿಳಿಸಿ.
– ಲೆಕ್ಕಪತ್ರ ವಿಭಾಗದ ನೌಕರ

ದಾರಿ ಇದೆ. ಬೇಕಾದದ್ದು ಒಂದು ನೋಟ್‌ಬುಕ್, 14 ದಿನ, ದಿನಕ್ಕೆ ಐದು ನಿಮಿಷ.

ಇಂದು ಸಂಶೋಧಕರು ಹೆಚ್ಚಾಗಿ ಬಳಸುವುದು ‘ಬಿಗ್ ಫೈವ್’ ಎಂಬ ಐದು ಅಳತೆಗಳ ಮಾದರಿ. ಇದರ ಬೇರು ನಿಘಂಟಿನಲ್ಲಿದೆ. 1936ರಲ್ಲಿ ಗಾರ್ಡನ್ ಆಲ್‌ಪೋರ್ಟ್ ಮತ್ತು ಹೆನ್ರಿ ಆಡ್‌ಬರ್ಟ್ ಇಂಗ್ಲಿಷ್ ನಿಘಂಟಿನಿಂದ ಮನುಷ್ಯರನ್ನು ಬಣ್ಣಿಸುವ ಸುಮಾರು 18,000 ಪದಗಳನ್ನು ಹೆಕ್ಕಿದರು. ಮುಂದಿನ ದಶಕಗಳಲ್ಲಿ ಆ ಪದಗಳಲ್ಲಿ ಯಾವುವು ಒಟ್ಟಿಗೆ ಬರುತ್ತವೆ ಎಂದು ಲೆಕ್ಕ ಹಾಕುತ್ತ ಹೋದಾಗ ಮತ್ತೆ ಮತ್ತೆ ಐದು ಗುಂಪುಗಳು ಸಿಕ್ಕವು. ಬಹಿರ್ಮುಖತೆ, ಅಚ್ಚುಕಟ್ಟು, ಹೊಸತಿನ ಒಲವು, ಹೊಂದಾಣಿಕೆ, ಕಳವಳ. ಒಬ್ಬೊಬ್ಬರಲ್ಲೂ ಐದೂ ಇರುತ್ತವೆ, ಪ್ರಮಾಣ ಬೇರೆ ಅಷ್ಟೆ.

ಒಂದೊಂದು ಗುಣಕ್ಕೂ ಎರಡೆರಡು ಸಾಲು ಬರೆದುಕೊಳ್ಳಿ, ಒಂದು ನೇರ, ಇನ್ನೊಂದು ತಿರುವು. ಎಲ್ಲವೂ ‘ಇವತ್ತು ಏನು ಮಾಡಿದೆ’ ಎಂಬುದರ ಬಗ್ಗೆ ಇರಲಿ. ‘ನಾನು ಎಂಥವನು’ ಎಂದು ಕೇಳಿಕೊಂಡರೆ ಆಗಬೇಕೆಂದಿರುವುದನ್ನು ಬರೆದುಬಿಡುತ್ತೇವೆ.

ಬಹಿರ್ಮುಖತೆಗೆ: ‘ಬಿಡುವು ಸಿಕ್ಕಾಗ ನಾನಾಗಿಯೇ ಯಾರಿಗಾದರೂ ಫೋನ್ ಮಾಡಿದೆ ಅಥವಾ ಯಾರನ್ನಾದರೂ ಮಾತಿಗೆ ಎಳೆದೆ’ (ನೇರ). ‘ನಾಲ್ಕೈದು ಜನ ಇದ್ದ ಕಡೆ, ಕೇಳುವವರೆಗೆ ಸುಮ್ಮನಿದ್ದೆ’ (ತಿರುವು).

ಅಚ್ಚುಕಟ್ಟಿಗೆ: ‘ತೆಗೆದ ವಸ್ತುವನ್ನು ಕೆಲಸ ಮುಗಿದ ಕೂಡಲೇ ಅದರ ಜಾಗದಲ್ಲಿ ಇಟ್ಟೆ’ (ನೇರ). ‘ಇವತ್ತೇ ಮುಗಿಸಬಹುದಾಗಿದ್ದ ಕೆಲಸವನ್ನು ಮುಂದೂಡಿದೆ’ (ತಿರುವು).

ಹೊಸತಿನ ಒಲವಿಗೆ: ‘ನನ್ನ ಕೆಲಸಕ್ಕೆ ಸಂಬಂಧವೇ ಇಲ್ಲದ ವಿಷಯವನ್ನು ಕುತೂಹಲಕ್ಕಾಗಿ ಹುಡುಕಿ ಓದಿದೆ ಅಥವಾ ಕೇಳಿದೆ’ (ನೇರ). ‘ಹೊಸದು ಎದುರಿಗಿದ್ದರೂ ಗೊತ್ತಿರುವುದನ್ನೇ ಆರಿಸಿದೆ’ (ತಿರುವು).

ಹೊಂದಾಣಿಕೆಗೆ: ‘ಇನ್ನೊಬ್ಬರ ಅನುಕೂಲ ನೋಡಿ ನನ್ನ ಯೋಜನೆ ಬದಲಿಸಿದೆ’ (ನೇರ). ‘ಸಣ್ಣ ತಪ್ಪಿಗೂ ವಾದಕ್ಕೆ ನಿಂತೆ’ (ತಿರುವು).

ಕಳವಳಕ್ಕೆ: ‘ಮುಗಿದುಹೋದ ಮಾತನ್ನು ಮಲಗಿದ ಮೇಲೂ ಮೆಲುಕು ಹಾಕಿದೆ’ (ನೇರ). ‘ಅಂದುಕೊಂಡದ್ದು ಕೆಟ್ಟರೂ ಅರ್ಧ ಗಂಟೆಯೊಳಗೆ ಸಮಾಧಾನಕ್ಕೆ ಬಂದೆ’ (ತಿರುವು).

ಇವುಗಳಲ್ಲಿ ಕೊನೆಯ ಗುಣವನ್ನು ಮಾತ್ರ ರಾತ್ರಿ ಬರೆಯಬೇಡಿ, ಮರುದಿನ ಬೆಳಿಗ್ಗೆ ಬರೆಯಿರಿ. ಉಳಿದ ನಾಲ್ಕನ್ನು ಮಲಗುವ ಮುನ್ನ ಬರೆದರಾಯಿತು.

ಪ್ರತಿ ಸಾಲಿಗೂ 1ರಿಂದ 5ರವರೆಗೆ ಅಂಕ ಕೊಡಿ. ಇವತ್ತು ಸ್ವಲ್ಪವೂ ಹೀಗಾಗಲಿಲ್ಲ ಎಂದರೆ 1, ದಿನವಿಡೀ ಹೀಗೇ ಇದ್ದೆ ಎಂದರೆ 5. ತಿರುವು ಸಾಲಿನ ಅಂಕವನ್ನು 6ರಿಂದ ಕಳೆದು, ಆಮೇಲೆ ಎರಡರ ಸರಾಸರಿ ತೆಗೆಯಿರಿ. ಉದಾಹರಣೆಗೆ ಬಹಿರ್ಮುಖತೆಯಲ್ಲಿ ನೇರ ಸಾಲಿಗೆ 2, ತಿರುವಿಗೆ 4 ಕೊಟ್ಟಿದ್ದೀರಿ ಅನ್ನಿ. 6ರಲ್ಲಿ 4 ಕಳೆದರೆ 2. ಆ ದಿನದ ಅಂಕ 2. ತಿರುವು ಸಾಲು ಯಾಕೆ ಬೇಕು ಎಂದರೆ, ಏನು ಕೇಳಿದರೂ ‘ಹೌದು’ ಎನ್ನುವ ಒಲವು ಬಹಳ ಜನರಲ್ಲಿದೆ. ಎರಡೂ ಸಾಲಿಗೆ ನಿತ್ಯ 4–5 ಹಾಕುತ್ತಿದ್ದರೆ ನೀವು ನಿಮ್ಮನ್ನು ಅಳೆಯುತ್ತಿಲ್ಲ, ಸುಮ್ಮನೆ ತಲೆಯಾಡಿಸುತ್ತಿದ್ದೀರಿ ಎಂದು ಗೊತ್ತಾಗುತ್ತದೆ.

ಅಂಕ ಹಾಕುವ ಮುಂಚೆ ಒಂದು ಜರಡಿ ಹಿಡಿಯಬೇಕು. ಅದು ನಿಜಕ್ಕೂ ಆಯ್ಕೆಯಾಗಿತ್ತೇ? ಬೇರೆ ದಾರಿ ಇತ್ತೇ? ಯಾರೂ ನೋಡದಿದ್ದರೂ ಹೀಗೇ ಮಾಡುತ್ತಿದ್ದೆನೇ? ಮೇಲಧಿಕಾರಿ ಕರೆದ ಸಭೆಯಲ್ಲಿ ಮಾತಾಡಿದ್ದು ಬಹಿರ್ಮುಖತೆಯಲ್ಲ. ಗಡುವಿನ ದಿನ ಕೆಲಸ ಮುಗಿಸಿದ್ದು ಅಚ್ಚುಕಟ್ಟೂ ಅಲ್ಲ. ಆಯ್ಕೆಯೇ ಇಲ್ಲದ ದಿನ ಆ ಸಾಲಿನ ಮುಂದೆ ಅಂಕದ ಬದಲು ಗೆರೆ ಎಳೆಯಿರಿ. ಜೋಡಿಯಲ್ಲಿ ಒಂದೇ ಸಾಲು ಉಳಿದರೆ ಅದರ ಅಂಕವೇ ಆ ದಿನದ್ದು. ತುಂಬ ಗೆರೆಗಳು ಬಿದ್ದರೆ ಹೆದರಬೇಡಿ, ದಿನದ ಎಷ್ಟು ಭಾಗ ನಿಮ್ಮ ಕೈಯಲ್ಲಿದೆ ಎಂಬುದೂ ಅದರಿಂದ ತಿಳಿಯುತ್ತದೆ.

14 ದಿನ ಮುಗಿದ ಮೇಲೆ ಸರಾಸರಿ ತೆಗೆಯುವ ಮುನ್ನ ಬೆಸ ದಿನ, ಸಮ ದಿನಗಳನ್ನು ಬೇರೆ ಮಾಡಿ. ಬಹಿರ್ಮುಖತೆಗೆ ಬೆಸ ದಿನಗಳಲ್ಲಿ 2, 2.5, 3, 2, 1.5, 2.5, 2 ಬಂದಿದೆ ಅನ್ನಿ. ಮೊತ್ತ 15.5, ಏಳರಿಂದ ಭಾಗಿಸಿದರೆ 2.2. ಸಮ ದಿನಗಳಲ್ಲಿ 2.5, 2, 3.5, 2, 2.5, 3, 2 ಬಂದಿದ್ದರೆ ಮೊತ್ತ 17.5, ಸರಾಸರಿ 2.5. ಎರಡರ ನಡುವೆ ಅಂತರ 0.3 ಮಾತ್ರ, ಆದ್ದರಿಂದ ಇಲ್ಲಿ ಒಂದು ನಿಲುವು ಕಾಣುತ್ತಿದೆ, ಒಟ್ಟು ಸರಾಸರಿ ಸುಮಾರು 2.4 ಎಂದು ಬರೆದುಕೊಳ್ಳಬಹುದು. ಅಂತರ 1ಕ್ಕಿಂತ ಹೆಚ್ಚಿದ್ದರೆ ಆ ಗುಣದ ಬಗ್ಗೆ ಇನ್ನೂ ಏನೂ ಹೇಳಬೇಡಿ, ಮತ್ತೆರಡು ವಾರ ಬರೆಯಿರಿ. ಈ ‘1’ ನಿಯಮವಲ್ಲ, ಕೈಲೆಕ್ಕದ ಅನುಕೂಲ.

ಇಷ್ಟು ದಿನ ಯಾಕೆ ಎಂಬುದಕ್ಕೂ ಹಿನ್ನೆಲೆ ಇದೆ. 1968ರಲ್ಲಿ ವಾಲ್ಟರ್ ಮಿಶೆಲ್, ಸ್ವಭಾವದ ಅಳತೆಗೂ ಒಂದು ಸಂದರ್ಭದಲ್ಲಿನ ನಡತೆಗೂ ಇರುವ ಸಹಸಂಬಂಧ (ಎರಡು ಅಳತೆಗಳು ಎಷ್ಟು ಜೊತೆಯಾಗಿ ಸಾಗುತ್ತವೆ ಎಂಬ ಲೆಕ್ಕ; 0 ಎಂದರೆ ನಂಟಿಲ್ಲ, 1 ಎಂದರೆ ಪೂರ್ತಿ ನಂಟು) 0.30ರ ಆಸುಪಾಸಿನಲ್ಲೇ ನಿಲ್ಲುತ್ತದೆ ಎಂದು ತೋರಿಸಿ ಇಡೀ ಕ್ಷೇತ್ರವನ್ನೇ ಅಲ್ಲಾಡಿಸಿದರು. 1979ರಲ್ಲಿ ಸೀಮೋರ್ ಎಪ್‌ಸ್ಟೈನ್ ಅದಕ್ಕೆ ಉತ್ತರ ಕೊಟ್ಟರು. ಒಂದು ದಿನದ ನಡತೆ ಇನ್ನೊಂದು ದಿನದ್ದನ್ನು ಹೋಲುವುದು ಅಪರೂಪ, ಆದರೆ ಹಲವು ದಿನಗಳ ಸರಾಸರಿ ಬೇರೆ ಹಲವು ದಿನಗಳ ಸರಾಸರಿಯನ್ನು ಚೆನ್ನಾಗಿಯೇ ಹೋಲುತ್ತದೆ ಎಂದರು. ನಾವು ಮೇಲೆ ಹೇಳಿದ ಬೆಸ–ಸಮ ಲೆಕ್ಕದ ಹಿಂದಿರುವುದು ಇದೇ ವಿಚಾರ.

ಎಡವುವುದು ಎಲ್ಲಿ? ಭಾನುವಾರ ಕೂತು ವಾರದ್ದೆಲ್ಲ ಒಟ್ಟಿಗೆ ಬರೆಯುವುದರಲ್ಲಿ ಮೊದಲು. ಆಗ ಬರೆಯುವುದು ನೆನಪಲ್ಲ, ನಿಮ್ಮ ಬಗ್ಗೆ ನಿಮಗೆ ಮೊದಲೇ ಇದ್ದ ಅಭಿಪ್ರಾಯ. ಪರೀಕ್ಷೆ, ಜ್ವರ, ಮನೆ ಬದಲಿಸುವ ಗಡಿಬಿಡಿ ಇರುವ ವಾರಗಳಲ್ಲಿ ಶುರು ಮಾಡಬೇಡಿ. ಹಿಂದಿನ ದಿನದ ಅಂಕ ಕಣ್ಣಿಗೆ ಬೀಳದಂತೆ ದಿನಕ್ಕೊಂದು ಪುಟ ಬಳಸಿ. ಇಲ್ಲದಿದ್ದರೆ ನಿನ್ನೆಯದನ್ನೇ ನಕಲು ಮಾಡುತ್ತ ಹೋಗುತ್ತೀರಿ, ಅಂತರ ಸೊನ್ನೆ ಬಂದು ಖುಷಿಯಾಗುತ್ತದೆ, ಅಳತೆ ಮಾತ್ರ ಸುಳ್ಳಾಗಿರುತ್ತದೆ.

ಈ ಅಂಕಗಳು ನಿಮ್ಮನ್ನು ನಿಮ್ಮೊಂದಿಗೇ ಹೋಲಿಸಲು ಮಾತ್ರ. ಪಕ್ಕದವರ 3.1ರ ಜೊತೆ ನಿಮ್ಮ 2.4 ಇಟ್ಟು ನೋಡುವಂತಿಲ್ಲ, ಅದಕ್ಕೆ ಪ್ರಮಾಣೀಕರಿಸಿದ ಪ್ರಶ್ನಾವಳಿ ಬೇಕು. ‘ಐಪಿಐಪಿ’ ಎಂಬ ಸಾರ್ವಜನಿಕ ಪ್ರಶ್ನೆಗಳ ಭಂಡಾರ ಉಚಿತ. ಅದನ್ನು ಆಧರಿಸಿದ 120 ಮತ್ತು 300 ಪ್ರಶ್ನೆಗಳ ರೂಪಗಳಿವೆ, ಮೊದಲ ಸಲಕ್ಕೆ 120 ಸಾಕು. 2003ರಲ್ಲಿ ಬಂದ ಹತ್ತೇ ಪ್ರಶ್ನೆಗಳ ಕಿರು ಅಳತೆಯೂ ಒಂದಿದೆ. ಸಂಶೋಧಕರಿಗೆ ಸಮಯ ಉಳಿಸಲು ಮಾಡಿದ್ದು ಅದು. ಒಬ್ಬ ವ್ಯಕ್ತಿ ತನ್ನನ್ನು ತಿಳಿಯಲು ಬಹಳ ಒರಟು.

ಪ್ರಶ್ನೆ: ನಾಲ್ಕು ತಿಂಗಳ ಹಿಂದೆ ನಾಲ್ಕಕ್ಷರದ ವ್ಯಕ್ತಿತ್ವ ಪರೀಕ್ಷೆಯಲ್ಲಿ ನಾನು ‘ಐಎನ್‌ಎಫ್‌ಪಿ’ ಎಂದು ಬಂತು. ಈಗ ಮತ್ತೆ ಮಾಡಿದರೆ ‘ಐಎಸ್‌ಎಫ್‌ಜೆ’. ನಾನು ಬದಲಾದೆನೋ, ಪರೀಕ್ಷೆ ಕೆಟ್ಟಿದೆಯೋ?
– ಗ್ರಾಫಿಕ್ ಡಿಸೈನರ್

ನೀವು ಬದಲಾದದ್ದಕ್ಕಿಂತ ಪರೀಕ್ಷೆ ಗೆರೆ ಎಳೆಯುವ ರೀತಿಯೇ ಇದಕ್ಕೆ ಕಾರಣವಾಗಿರುವ ಸಾಧ್ಯತೆ ಹೆಚ್ಚು. ನೀವು ಹೇಳುತ್ತಿರುವ ನಾಲ್ಕಕ್ಷರದ ವಿಧಾನ (ಎಂಬಿಟಿಐ) ಕಾರ್ಲ್ ಯುಂಗ್ 1921ರಲ್ಲಿ ಬರೆದ ಮನೋಪ್ರಕಾರಗಳ ವಿಚಾರದಿಂದ ಹೊರಟದ್ದು. ಕ್ಯಾಥರೀನ್ ಬ್ರಿಗ್ಸ್ ಮತ್ತು ಅವರ ಮಗಳು ಇಸಾಬೆಲ್ ಬ್ರಿಗ್ಸ್ ಮೈಯರ್ಸ್ ಅದನ್ನು ಪ್ರಶ್ನಾವಳಿಯಾಗಿಸಿದರು, ಕೈಪಿಡಿ ಬಂದದ್ದು 1962ರಲ್ಲಿ. ಅದರಲ್ಲಿ ನಾಲ್ಕು ಜೋಡಿಗಳು: ಬಹಿರ್ಮುಖ (ಇ)–ಅಂತರ್ಮುಖ (ಐ), ಕಣ್ಣೆದುರಿನ ವಿವರ (ಎಸ್)–ಒಳನೋಟ (ಎನ್), ತರ್ಕ (ಟಿ)–ಭಾವ (ಎಫ್), ಮೊದಲೇ ಯೋಜಿಸುವುದು (ಜೆ)–ಆಗಿನ ಹೊತ್ತಿಗೆ ತಕ್ಕಂತೆ ನಡೆಯುವುದು (ಪಿ). ಪ್ರತಿಯೊಂದರಲ್ಲೂ ಈ ಕಡೆ ಅಥವಾ ಆ ಕಡೆ, ಒಟ್ಟು 16 ಮಾದರಿಗಳು.

ತೊಡಕಿರುವುದು ‘ಈ ಕಡೆ ಅಥವಾ ಆ ಕಡೆ’ಯಲ್ಲಿ. 165 ಸೆಂಟಿಮೀಟರಿಗೆ ಗೆರೆ ಎಳೆದು ಮೇಲಿನವರೆಲ್ಲ ‘ಎತ್ತರ’, ಕೆಳಗಿನವರೆಲ್ಲ ‘ಕುಳ್ಳು’ ಎಂದರೆ, 164 ಮತ್ತು 166ರವರು ಬೇರೆ ಬೇರೆ ಜಾತಿಯವರಾಗುತ್ತಾರೆ, 166 ಮತ್ತು 190ರವರು ಒಂದೇ. ಸ್ವಭಾವದ ಅಂಕಗಳಲ್ಲಿ ಹೆಚ್ಚಿನ ಜನ ಇರುವುದು ನಡುವಿನಲ್ಲೇ, ಅಂದರೆ ಗೆರೆಯ ಹತ್ತಿರವೇ. ಒಂದೆರಡು ಉತ್ತರ ಬದಲಾದರೆ ಅಕ್ಷರವೂ ಬದಲು. ಪ್ರತಿ ಅಕ್ಷರ ಉಳಿಯುವ ಸಾಧ್ಯತೆ ಶೇ 90 ಎಂದೇ ಇಟ್ಟುಕೊಳ್ಳೋಣ. ನಾಲ್ಕೂ ಉಳಿಯುವ ಸಾಧ್ಯತೆ 0.9ನ್ನು ನಾಲ್ಕು ಸಲ ಗುಣಿಸಿದಷ್ಟು, ಸುಮಾರು ಶೇ 66. ಮೂವರಲ್ಲಿ ಒಬ್ಬರ ಮಾದರಿ ಏನೂ ಆಗದೆಯೇ ಬದಲಾಗುತ್ತದೆ. ಐದು ವಾರದ ಅಂತರದಲ್ಲೇ ಅರ್ಧದಷ್ಟು ಜನರಿಗೆ ಬೇರೆ ಮಾದರಿ ಬರಬಹುದು ಎಂದು ಡೇವಿಡ್ ಪಿಟೆಂಜರ್ ತಮ್ಮ ವಿಮರ್ಶೆಯಲ್ಲಿ ಬರೆದಿದ್ದಾರೆ.

ಆದ್ದರಿಂದ ಅಕ್ಷರ ಬಿಟ್ಟು ಶೇಕಡಾವಾರು ನೋಡಿ. ನಿಮ್ಮ ಎರಡೂ ಫಲಿತಾಂಶಗಳಲ್ಲಿ ‘ಐ’ ಮತ್ತು ‘ಎಫ್’ ಉಳಿದಿವೆ. ಅವು ಎರಡೂ ಸಲ 70ರ ಮೇಲೆ ಇದ್ದರೆ ಅವುಗಳನ್ನು ಗಂಭೀರವಾಗಿ ತೆಗೆದುಕೊಳ್ಳಿ. ‘ಎನ್–ಎಸ್’, ‘ಪಿ–ಜೆ’ 45–55ರ ನಡುವೆ ಇದ್ದಿದ್ದರೆ ಅಲ್ಲಿ ನಿಮಗೆ ಎರಡೂ ಬರುತ್ತದೆ ಎಂದೇ ಅರ್ಥ, ಅದು ಕೊರತೆಯಲ್ಲ. ಇನ್ನೊಂದು ಮಾತು. ಈ ನಾಲ್ಕು ಜೋಡಿಗಳು ಬಿಗ್ ಫೈವ್‌ನ ನಾಲ್ಕು ಗುಣಗಳ ಜೊತೆ ಸಾಕಷ್ಟು ತಾಳೆಯಾಗುತ್ತವೆ, ಕಳವಳಕ್ಕೆ ಮಾತ್ರ ಇಲ್ಲಿ ಜಾಗವೇ ಇಲ್ಲ. ಎಲ್ಲ ಮಾದರಿಗಳ ವರ್ಣನೆಯೂ ಓದಲು ಹಿತವಾಗಿರುವುದಕ್ಕೆ ಇದೂ ಒಂದು ಕಾರಣ. ನಿಮ್ಮನ್ನು ಕಾಡುತ್ತಿರುವುದು ನಿದ್ದೆಗೆಡಿಸುವ ಚಿಂತೆಯಾದರೆ, ಈ ಪರೀಕ್ಷೆ ಅದರ ಬಗ್ಗೆ ಏನೂ ಹೇಳಲಾರದು.

ಪ್ರಶ್ನೆ: ತರಗತಿಯಲ್ಲಿ ಇಡೀ ದಿನ ಮಾತಾಡುತ್ತೇನೆ, ಮಕ್ಕಳನ್ನು ನಗಿಸುತ್ತೇನೆ. ಮನೆಗೆ ಬಂದರೆ ಒಂದು ಮಾತೂ ಬೇಡ. ಮನೆಯವರು ‘ನೀನು ಅಂತರ್ಮುಖಿ’ ಎನ್ನುತ್ತಾರೆ, ಸಹೋದ್ಯೋಗಿಗಳಿಗೆ ಹೇಳಿದರೆ ನಂಬುವುದಿಲ್ಲ.
– ಪ್ರೌಢಶಾಲಾ ಶಿಕ್ಷಕಿ

ಇಬ್ಬರೂ ನೋಡಿದ್ದು ನಿಮ್ಮನ್ನೇ. ವಿಲಿಯಂ ಫ್ಲೀಸನ್ 2001ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲಿ, ಜನರು ದಿನದಲ್ಲಿ ಹಲವು ಸಲ ತಮ್ಮ ಆಗಿನ ನಡತೆಯನ್ನು ದಾಖಲಿಸಿದರು. ಒಬ್ಬರೇ ವ್ಯಕ್ತಿ ಒಂದೆರಡು ವಾರದಲ್ಲಿ ಬಹಿರ್ಮುಖತೆಯ ಬಹುತೇಕ ಎಲ್ಲ ಮಟ್ಟಗಳನ್ನೂ ಮುಟ್ಟಿ ಬರುತ್ತಾರೆ, ಆದರೆ ಅವರ ಸರಾಸರಿ ವಾರದಿಂದ ವಾರಕ್ಕೆ ಹೆಚ್ಚು ಕದಲುವುದಿಲ್ಲ ಎಂದು ಕಂಡುಬಂತು. ಪಾಠ ಮಾಡುವಾಗಿನ ಮಾತು ವೃತ್ತಿಯ ಬೇಡಿಕೆ. ನಿಮ್ಮ ಸರಾಸರಿ ತಿಳಿಯಬೇಕಾದರೆ ರಜೆಯ ದಿನ, ಯಾವ ಕೆಲಸವೂ ಇಲ್ಲದ ಮೂರು ಗಂಟೆ ಸಿಕ್ಕಾಗ ಏನು ಮಾಡುತ್ತೀರಿ ನೋಡಿ.

ಸಂಜೆ ಬಾಯಿ ಬಿಡಲೂ ಬೇಡ ಅನ್ನಿಸುವುದನ್ನೇ ಅಂತರ್ಮುಖತೆಯ ಗುರುತು ಅಂದುಕೊಳ್ಳಬೇಡಿ. ‘ಜನರ ಜೊತೆ ಇದ್ದರೆ ಅಂತರ್ಮುಖಿಗಳು ದಣಿಯುತ್ತಾರೆ, ಬಹಿರ್ಮುಖಿಗಳಿಗೆ ಹುರುಪು ಬರುತ್ತದೆ’ ಎಂಬುದು ಎಲ್ಲ ಕಡೆ ಕೇಳಿಬರುವ ಮಾತು. 2017ರಲ್ಲಿ ಪ್ರಕಟವಾದ ಫಿನ್‌ಲ್ಯಾಂಡಿನ ಅಧ್ಯಯನವೊಂದರಲ್ಲಿ, ಮಾತು–ಬೆರೆಯುವಿಕೆ ಹೆಚ್ಚಿದ್ದಾಗ ಆ ಹೊತ್ತಿಗೆ ಉಲ್ಲಾಸ, ಸುಮಾರು ಮೂರು ಗಂಟೆಯ ಬಳಿಕ ದಣಿವು ಕಂಡುಬಂತು, ಅದೂ ಎರಡೂ ಬಗೆಯವರಲ್ಲಿ. ನೀವು ಐದು ಗಂಟೆಗೆ ಮನೆಗೆ ಬಂದು ಸುಸ್ತಾಗಿ ಕೂರುವುದಕ್ಕೆ ಅಷ್ಟೇ ಸಾಕು.

ಜೊತೆಗೆ ನಾಚಿಕೆಯನ್ನೂ ಅಂತರ್ಮುಖತೆಯನ್ನೂ ಬೆರೆಸಬೇಡಿ. ಹೋಗಲು ಆಸೆಯಿದ್ದು ‘ಜನ ಏನೆಂದುಕೊಂಡಾರು’ ಎಂಬ ಅಂಜಿಕೆ ತಡೆದರೆ ನಾಚಿಕೆ. ಅಂಜಿಕೆಯೇ ಇಲ್ಲದೆ, ಮನೆಯಲ್ಲಿರುವುದೇ ಹೆಚ್ಚು ಹಿತ ಅನ್ನಿಸಿದರೆ ಅಂತರ್ಮುಖತೆ. ಬರಬೇಕಿದ್ದ ನೆಂಟರು ಬರುವುದಿಲ್ಲ ಎಂದು ತಿಳಿದ ಕ್ಷಣ ಏನನ್ನಿಸಿತು ಎಂದು ಗಮನಿಸಿ. ಬರೀ ನೆಮ್ಮದಿಯೋ, ನೆಮ್ಮದಿಯ ಹಿಂದೆಯೇ ಒಂದಿಷ್ಟು ಬೇಸರವೋ?

ಪ್ರಶ್ನೆ: ಒಂದೇ ಪ್ರಶ್ನಾವಳಿಯನ್ನು ನನ್ನ ಬಗ್ಗೆ ನಾನೂ ನನ್ನ ಹೆಂಡತಿಯೂ ತುಂಬಿದೆವು. ಅವಳ ಪ್ರಕಾರ ನಾನು ಬೇಗ ಜಗಳಕ್ಕೆ ನಿಲ್ಲುವವನು, ನನ್ನ ಪ್ರಕಾರ ಶಾಂತ. ಯಾರ ಮಾತು ಸರಿ?
– ಹೆಸರು ಬೇಡ

ಯಾವ ಗುಣ ಎಂಬುದರ ಮೇಲಿದೆ. ಸಿಮೀನ್ ವಜೀರ್ 2010ರಲ್ಲಿ ತೋರಿಸಿದಂತೆ, ಒಳಗೇ ನಡೆಯುವ ಕಳವಳದಂಥ ಗುಣಗಳನ್ನು ನಾವೇ ಚೆನ್ನಾಗಿ ಬಲ್ಲೆವು. ಬುದ್ಧಿಶಕ್ತಿಯಂತೆ ಮಾನ ಅಂಟಿಕೊಂಡಿರುವ ಗುಣಗಳಲ್ಲಿ ನಮ್ಮನ್ನು ಹತ್ತಿರದಿಂದ ಬಲ್ಲವರ ಕಣ್ಣು ಹೆಚ್ಚು ಸರಿ. ಜಗಳಗಂಟತನವನ್ನು ಯಾರೂ ತಮ್ಮ ಹೆಸರಿನಲ್ಲಿ ಬರೆದುಕೊಳ್ಳಲು ಇಷ್ಟಪಡುವುದಿಲ್ಲ. ಇಲ್ಲಿ ನಿಮ್ಮ ಹೆಂಡತಿಯ ಅಂಕಕ್ಕೆ ಹೆಚ್ಚು ತೂಕ ಕೊಡಿ. ಆದರೂ ಅವರು ನಿಮ್ಮನ್ನು ಕಾಣುವುದು ಮನೆಯಲ್ಲಿ ಮಾತ್ರ. ಕೆಲಸದ ಜಾಗದ ಒಬ್ಬರು, ಹಳೆಯ ಸ್ನೇಹಿತರೊಬ್ಬರು, ಹೀಗೆ ಇನ್ನಿಬ್ಬರಿಂದ ತುಂಬಿಸಿ ಮೂವರ ಸರಾಸರಿ ತೆಗೆಯಿರಿ. ತುಂಬುವಾಗ ನೀವು ಎದುರಿಗೆ ಕೂರಬೇಡಿ, ತುಂಬಿದ ಮೇಲೆ ‘ಯಾಕೆ ಹೀಗೆ ಹಾಕಿದೆ’ ಎಂದು ಕೇಳಬೇಡಿ. ಕೇಳಿದರೆ ಮುಂದಿನ ಸಲ ನಿಮಗೆ ಸಿಗುವುದು ಬರೀ ಮರ್ಯಾದೆಯ ಉತ್ತರ.

ಪ್ರಶ್ನೆ: ಕೋಣೆ ಅಸ್ತವ್ಯಸ್ತವಾಗಿದ್ದರೆ ಸೃಜನಶೀಲರು ಎನ್ನುತ್ತಾರೆ. ಕೋಣೆ ನೋಡಿ ಮನುಷ್ಯನನ್ನು ಅಳೆಯಬಹುದೇ?

ಸ್ವಲ್ಪ ಮಟ್ಟಿಗೆ. ಸ್ಯಾಮ್ ಗಾಸ್ಲಿಂಗ್ ಮತ್ತು ಸಂಗಡಿಗರು 2002ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಅಪರಿಚಿತರು ಬರೀ ಮಲಗುವ ಕೋಣೆ ನೋಡಿ ಅದರ ಒಡೆಯರ ಸ್ವಭಾವ ಊಹಿಸಿದರು. ಹೊಸತಿನ ಒಲವನ್ನು ಎಲ್ಲಕ್ಕಿಂತ ಚೆನ್ನಾಗಿ ಊಹಿಸಿದರು, ಹೊಂದಾಣಿಕೆಯಲ್ಲಿ ಹೆಚ್ಚು ಎಡವಿದರು. ಹೊಸತಿನ ಒಲವಿನ ನಿಜವಾದ ಸುಳಿವು ಚೆಲ್ಲಾಪಿಲ್ಲಿಯಲ್ಲ, ಪುಸ್ತಕಗಳ ವೈವಿಧ್ಯ. ನೂರು ಪುಸ್ತಕ ಒಂದೇ ವಿಷಯದ್ದಾದರೆ ಅದು ಬೇರೆ ಕಥೆ. ನಿಮ್ಮ ಕೋಣೆಯನ್ನು ಓದಬೇಕೆಂದರೆ ಗುಡಿಸಿದ್ದೀರೋ ಇಲ್ಲವೋ ನೋಡಬೇಡಿ, ಕೀಲಿ, ಚಾರ್ಜರ್, ಕತ್ತರಿ ಈ ಮೂರಕ್ಕೆ ಗೊತ್ತಾದ ಜಾಗ ಇದೆಯೇ ನೋಡಿ. ನೆಂಟರು ಬರುತ್ತಾರೆಂದು ಗುಡಿಸುವುದು ಯಾರಿಂದಲೂ ಆಗುತ್ತದೆ.

ಪ್ರಶ್ನೆ: ರಾತ್ರಿ ಎರಡಕ್ಕೆ ಮಲಗುತ್ತೇನೆ, ಬೆಳಿಗ್ಗೆ ಏಳಲಾಗುವುದಿಲ್ಲ. ಅಪ್ಪ ಸೋಮಾರಿ ಎನ್ನುತ್ತಾರೆ. ಇದು ಸ್ವಭಾವವೇ, ಚಟವೇ?
– 20ರ ಯುವಕ

ಎರಡೂ ಇರಬಹುದು, ಬೇರ್ಪಡಿಸಿ ನೋಡುವ ದಾರಿ ಇದೆ. ಯಾವ ಹೊತ್ತಿಗೆ ದೇಹ ಚುರುಕು ಎಂಬುದು ಮನುಷ್ಯರಲ್ಲಿ ನಿಜಕ್ಕೂ ಬೇರೆ ಬೇರೆ. ಅದಕ್ಕೆಂದೇ ಹಾರ್ನ್ ಮತ್ತು ಆಸ್ಟ್‌ಬರ್ಗ್ 1976ರಲ್ಲಿ 19 ಪ್ರಶ್ನೆಗಳ ಅಳತೆ ಮಾಡಿದರು. ಅಂಕ 16ರಿಂದ 86. 59 ಮತ್ತು ಮೇಲೆ ಬಂದರೆ ಬೆಳಗಿನವರು, 41 ಮತ್ತು ಕೆಳಗೆ ಬಂದರೆ ರಾತ್ರಿಯವರು, ನಡುವಿನವರು ಯಾವ ಕಡೆಯೂ ಅಲ್ಲ. ಹದಿಹರೆಯದಲ್ಲಿ ಈ ಗಡಿಯಾರ ತಡವಾಗುತ್ತ ಹೋಗಿ 20ರ ಆಸುಪಾಸಿನಲ್ಲಿ ಅತಿ ತಡಕ್ಕೆ ಮುಟ್ಟುತ್ತದೆ, ಆಮೇಲೆ ಮೆಲ್ಲಗೆ ಹಿಂದಕ್ಕೆ ಬರುತ್ತದೆ. ನಿಮ್ಮ ವಯಸ್ಸೇ ನಿಮ್ಮ ಪರ ಅರ್ಧ ಸಾಕ್ಷಿ.

ಉಳಿದರ್ಧಕ್ಕೆ, ಅಲಾರಂ ಬೇಡದ ಆರು ದಿನ ಒಟ್ಟಿಗೆ ಸಿಗುವ ರಜೆಯಲ್ಲಿ ರಾತ್ರಿ ಹತ್ತರ ಮೇಲೆ ಫೋನನ್ನು ಬೇರೆ ಕೋಣೆಯಲ್ಲಿಡಿ. ಮೊದಲ ಎರಡು ದಿನ ಬಾಕಿ ನಿದ್ದೆ ತೀರಲಿ, ಅವನ್ನು ಲೆಕ್ಕಕ್ಕೆ ಹಿಡಿಯಬೇಡಿ. ಉಳಿದ ನಾಲ್ಕು ದಿನ ನಿದ್ದೆ ಹತ್ತಿದ ಹೊತ್ತು, ತಾನಾಗಿ ಎಚ್ಚರವಾದ ಹೊತ್ತು ಬರೆದು, ಎರಡರ ಮಧ್ಯಬಿಂದು ತೆಗೆಯಿರಿ. 12:30ಕ್ಕೆ ಮಲಗಿ 8:30ಕ್ಕೆ ಎದ್ದರೆ ಅದು 4:30. ಫೋನಿಲ್ಲದೆಯೂ ಮಧ್ಯಬಿಂದು ಐದರ ಮೇಲೆಯೇ ನಿಂತರೆ ನಿಮ್ಮ ಗಡಿಯಾರವೇ ತಡ. ಮೂರೂವರೆಗೆ ಸರಿದುಬಿಟ್ಟರೆ ಎರಡು ಗಂಟೆಯವರೆಗೆ ಎಚ್ಚರವಿಟ್ಟಿದ್ದು ಪರದೆ. ಬೆಳಗಿನವರಿಗೂ ಅಚ್ಚುಕಟ್ಟಿಗೂ ತುಸು ನಂಟಿದೆ, ಆದರೆ ಬೇಗ ಏಳದವರೆಲ್ಲ ಸೋಮಾರಿಗಳು ಎನ್ನಲು ಅದು ಖಂಡಿತ ಸಾಲದು.

ಪ್ರಶ್ನೆ: ನಮ್ಮ ಕಂಪನಿಯಲ್ಲಿ ಹೊಸಬರನ್ನು ತೆಗೆದುಕೊಳ್ಳುವಾಗ 16 ಮಾದರಿಯ ಪರೀಕ್ಷೆ ಬಳಸೋಣ ಎಂಬ ಮಾತು ನಡೆದಿದೆ. ಮಾನವ ಸಂಪನ್ಮೂಲ ವಿಭಾಗದವಳಾಗಿ ನಾನೇನು ಹೇಳಲಿ?

ಬೇಡ ಎನ್ನಿ. ಆ ಪರೀಕ್ಷೆಯ ಪ್ರಕಾಶಕರೇ ಅದನ್ನು ನೇಮಕಾತಿಗೆ ಬಳಸಬಾರದು ಎನ್ನುತ್ತಾರೆ, ಈ ಒಂದು ಮಾತು ಸಭೆಯಲ್ಲಿ ಸಾಕು. ಗುಣಗಳಲ್ಲಿ ಕೆಲಸದ ಗುಣಮಟ್ಟದ ಜೊತೆ ಎಲ್ಲ ಬಗೆಯ ಉದ್ಯೋಗಗಳಲ್ಲೂ ನಂಟು ತೋರಿಸಿದ್ದು ಅಚ್ಚುಕಟ್ಟು. ಬ್ಯಾರಿಕ್ ಮತ್ತು ಮೌಂಟ್ 1991ರಲ್ಲೇ ಇದನ್ನು ತೋರಿಸಿದರು. ಆ ನಂಟೂ ದೊಡ್ಡದಲ್ಲ. ಕೆಲಸ ಬೇಕಾದವರು ‘ಗಡುವಿಗೆ ಮುಂಚೆ ಮುಗಿಸುತ್ತೇನೆ’ ಎಂದೇ ಗುರುತು ಹಾಕುತ್ತಾರೆ. ಅದರ ಬದಲು ನಿಜವಾದ ಕೆಲಸದ ಒಂದು ತುಣುಕನ್ನು ಮಾಡಿಸಿ ನೋಡಿ, ಎಲ್ಲ ಅಭ್ಯರ್ಥಿಗಳಿಗೂ ಅವೇ ಪ್ರಶ್ನೆ ಅದೇ ಕ್ರಮದಲ್ಲಿ ಕೇಳಿ, ಉತ್ತರಕ್ಕೆ ಅಂಕ ಹೇಗೆ ಎಂದು ಮೊದಲೇ ಬರೆದಿಡಿ. ಈಗಾಗಲೇ ಇರುವ ತಂಡಕ್ಕೆ ಹಣೆಪಟ್ಟಿ ಬೇಡ. ತುರ್ತು ವಿಷಯಕ್ಕೆ ಫೋನೋ ಸಂದೇಶವೋ, ತಪ್ಪನ್ನು ಎದುರಿಗೆ ಹೇಳಬೇಕೋ ಬರೆದು ಕೊಡಬೇಕೋ, ಗಮನವಿಟ್ಟು ಮಾಡುವ ಕೆಲಸಕ್ಕೆ ಯಾವ ಹೊತ್ತು ಒಳ್ಳೆಯದು, ಇಷ್ಟನ್ನು ಒಬ್ಬೊಬ್ಬರಿಂದ ಬರೆಸಿಕೊಂಡರೆ ಉಪಯೋಗ ಹೆಚ್ಚು.

ಪ್ರಶ್ನೆ: ನನ್ನ ಆರು ವರ್ಷದ ಮಗಳು ಯಾವ ಮಾದರಿ ಎಂದು ತಿಳಿಯುವುದು ಹೇಗೆ? ಹೊಸ ಜಾಗಕ್ಕೆ ಹೋದರೆ ನನ್ನ ಸೆರಗು ಬಿಡುವುದಿಲ್ಲ.
– ಒಬ್ಬ ತಾಯಿ

ದೊಡ್ಡವರ ಪರೀಕ್ಷೆಗಳನ್ನು ಮಗುವಿನ ಮೇಲೆ ಮಾಡಬೇಡಿ, ತಾಯಿ. ಆ ವಯಸ್ಸಿಗೆ ನೋಡಬೇಕಾದದ್ದು ಮನೋಧರ್ಮ. ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ 1956ರಲ್ಲಿ ನ್ಯೂಯಾರ್ಕಿನಲ್ಲಿ ಶುರು ಮಾಡಿದ ದೀರ್ಘ ಅಧ್ಯಯನದಲ್ಲಿ ಸುಮಾರು ಶೇ 40 ಮಕ್ಕಳು ಸಲೀಸು, ಶೇ 10 ಕಷ್ಟ, ಶೇ 15 ನಿಧಾನವಾಗಿ ಒಗ್ಗುವವರು ಎಂದು ಕಂಡುಬಂತು. ಉಳಿದ ಶೇ 35 ಮಕ್ಕಳನ್ನು ಅವರು ಯಾವ ಗುಂಪಿಗೂ ತಳ್ಳಲಿಲ್ಲ. ನಿಮ್ಮ ಮಗಳು ನಿಧಾನವಾಗಿ ಒಗ್ಗುವವಳಿರಬಹುದು. ಹೊಸ ಜಾಗಕ್ಕೆ ಹೋದಾಗ ಸೆರಗು ಬಿಡಲು ಎಷ್ಟು ನಿಮಿಷ ಬೇಕಾಯಿತು ಎಂದು ಬರೆದಿಡಿ. ಅದೇ ಜಾಗಕ್ಕೆ ಎರಡನೇ, ಮೂರನೇ ಸಲ ಹೋದಾಗ ನಿಮಿಷಗಳು ಇಳಿಯುತ್ತಿದ್ದರೆ ಚಿಂತೆ ಬೇಡ, ಅವಳಿಗೆ ಬೇಕಾದದ್ದು ಸಮಯ. ಬೇರೆ ಮಕ್ಕಳು ಬರುವ ಮೊದಲೇ ಹತ್ತು ನಿಮಿಷ ಮುಂಚೆ ಕರೆದೊಯ್ಯಿರಿ. ಹಲವು ವಾರ ಕಳೆದರೂ ಇಳಿಯದಿದ್ದರೆ, ಅಥವಾ ಮನೆಯ ಹೊರಗೆ ಎಲ್ಲೂ ಬಾಯಿಯನ್ನೇ ಬಿಡದಿದ್ದರೆ ಮಕ್ಕಳ ವೈದ್ಯರ ಹತ್ತಿರ ಮಾತಾಡಿ. ಅವಳ ಎದುರಿಗೆ ‘ಇವಳು ನಾಚಿಕೆ ಹುಡುಗಿ’ ಎಂದು ಬೇರೆಯವರಿಗೆ ಹೇಳುವುದನ್ನು ಮಾತ್ರ ಇವತ್ತೇ ನಿಲ್ಲಿಸಿ. ಮಕ್ಕಳು ಆ ಮಾತನ್ನು ಕಲಿತುಬಿಡುತ್ತಾರೆ.

ಪ್ರಶ್ನೆ: ನನಗೆ 52. ಎಲ್ಲವನ್ನೂ ಮುಂದೂಡುವ ಸ್ವಭಾವ. ಈ ವಯಸ್ಸಿನಲ್ಲಿ ಬದಲಾಗುವುದುಂಟೇ?

ಉಂಟು. 92 ದೀರ್ಘಕಾಲಿಕ ಅಧ್ಯಯನಗಳನ್ನು ಒಟ್ಟು ಸೇರಿಸಿ ಬ್ರೆಂಟ್ ರಾಬರ್ಟ್ಸ್ ಮತ್ತು ಸಂಗಡಿಗರು 2006ರಲ್ಲಿ ಮಾಡಿದ ವಿಶ್ಲೇಷಣೆಯಲ್ಲಿ ನಡುವಯಸ್ಸಿನಲ್ಲೂ ಸ್ವಭಾವ ಸರಿಯುತ್ತಲೇ ಇರುತ್ತದೆ ಎಂದು ಕಂಡಿತು. ಬೇಕೆಂದೇ ಬದಲಿಸಿಕೊಳ್ಳುವುದರ ಬಗ್ಗೆ 2019ರಲ್ಲಿ ನೇಥನ್ ಹಡ್ಸನ್ ಮತ್ತು ಸಂಗಡಿಗರು ಪ್ರಕಟಿಸಿದ 15 ವಾರಗಳ ಅಧ್ಯಯನ ನಿಮಗೆ ಉಪಯೋಗ. ಅದರಲ್ಲಿ ಭಾಗವಹಿಸಿದವರು ವಾರ ವಾರ ಸಣ್ಣ ಸಣ್ಣ ಸವಾಲು ಆರಿಸಿಕೊಂಡರು. ಮಾಡಿ ಮುಗಿಸಿದವರಲ್ಲಿ ಗುಣ ಬದಲಾಯಿತು. ಒಪ್ಪಿಕೊಂಡು ಮಾಡದೆ ಬಿಟ್ಟವರಿಗೆ ಏನೂ ದಕ್ಕಲಿಲ್ಲ.

ಹಾಗಾಗಿ ‘ಇನ್ನು ಮುಂದೆ ಮುಂದೂಡುವುದಿಲ್ಲ’ ಎಂಬ ಪಣ ಬೇಡ. ‘ಬಿಲ್ ಕೈಗೆ ಬಂದರೆ ಚಪ್ಪಲಿ ಬಿಡುವ ಮುನ್ನವೇ ಕಟ್ಟುತ್ತೇನೆ’ ಎಂಬಂತೆ ಒಂದು ಸಂದರ್ಭ, ಒಂದು ಕೆಲಸ ಜೋಡಿಸಿ ಬರೆಯಿರಿ. ವಾರಕ್ಕೆ ಒಂದೇ ಇರಲಿ. ಏಳರಲ್ಲಿ ಐದು ದಿನ ನಡೆದರೆ ಮುಂದಿನ ವಾರ ಇನ್ನೊಂದು ಸೇರಿಸಿ. ಮೂರು ದಿನವೂ ನಡೆಯದಿದ್ದರೆ ಆ ಕೆಲಸ ದೊಡ್ಡದಾಯಿತು ಎಂದರ್ಥ. ಅದನ್ನು ಬಿಡುವ ಬದಲು ಅರ್ಧ ಮಾಡಿ: ಬಿಲ್ ಕಟ್ಟುವುದರ ಬದಲು, ಲಕೋಟೆ ಒಡೆದು ಕೊನೆಯ ದಿನಾಂಕವನ್ನು ಕ್ಯಾಲೆಂಡರಿನಲ್ಲಿ ಗುರುತು ಹಾಕುವುದು ಅಷ್ಟೇ ಇರಲಿ.